ಮೂರು ಸಲ ಹೂತ ಹುಡುಗಿ

ಒಹಾಯೊ ನದಿಯ ದಂಡೆಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಓಟಿಸ್ ಪ್ರೂಯಿಟ್‌ನ ಲಾಂಡ್ರಿಯನ್ನು ಮೀರಿಸುವ ಲಾಂಡ್ರಿ ಇನ್ನೊಂದಿಲ್ಲ. ಆ ಓಟಿಸ್ ನಾನೇ. ನನ್ನ ಹದಿನಾಲ್ಕು ಯಂತ್ರಗಳೂ ಒಟ್ಟಿಗೆ ತಿರುಗಿದರೆ ನದಿಯ ಆಚೆ ಕೆಂಟಕಿಯಲ್ಲಿ ಗೋಡೆಗೆ ತೂಗುಹಾಕಿದ ಫೋಟೋಗಳು ಓರೆಯಾಗುತ್ತವೆ. ಹೋದ ಪ್ರವಾಹದಲ್ಲಿ ನೀರು ನನ್ನ ಬಾಗಿಲವರೆಗೆ ಬಂದು, ನನ್ನ ಮುಖ ನೋಡಿ, ಹಿಂದಕ್ಕೆ ಹೋಯಿತು. ಇಂಥ ನಾನು ಒಂದು ಫೋನ್ ಕರೆಗೆ ಹೆದರಿದೆ ಎಂದರೆ ಆ ಕರೆ ಎಂಥದ್ದಿರಬೇಕು, ನೀವೇ ಯೋಚಿಸಿ.

ಕರೆ ಬರುತ್ತಿದ್ದದ್ದು ನನ್ನ ಅಕ್ಕನ ಮಗಳು ಕಾರ್ಲಿಸ್‌ಗೆ. ವಯಸ್ಸಾದವರ ಆರೈಕೆ ಮನೆಯೊಂದರಲ್ಲಿ ಅವಳು ಸಹಾಯಕಿ. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸುವುದರಲ್ಲಿ ಅವಳನ್ನು ಸರಿಗಟ್ಟುವವರು ಇಡೀ ಅಮೆರಿಕದಲ್ಲಿಲ್ಲ. ಅವಳಿಗೆ ಇದ್ದದ್ದು ಒಂದೇ ಆಸೆ, ನರ್ಸ್ ಆಗಬೇಕು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಕೆಲಸ ಹುಡುಕುವ ಜಾಲತಾಣವೊಂದರಲ್ಲಿ ‘ನರ್ಸ್ ಆಗಬೇಕೆ?’ ಎಂಬ ಚೌಕ ಕಂಡಿತು. ಅದರಲ್ಲಿ ತನ್ನ ಹೆಸರು, ನಂಬರು ಬರೆದಳು. ಕೈಯಲ್ಲಿದ್ದ ಸ್ಯಾಂಡ್‌ವಿಚ್ ಮುಗಿಯುವ ಮೊದಲೇ ಫೋನ್ ಬಂತು.

“ನಾನು ಆಂಬರ್, ಹಾರ್ಟ್‌ಲೇನ್ ಕಾಲೇಜಿಂದ. ಕಾರ್ಲಿಸ್, ನಿನ್ನ ಮೇಲೆ ನನಗೆ ನಂಬಿಕೆ ಇದೆ.”

ಅಂದಿನಿಂದ ದಿನವೂ ಕರೆ. ಕಾರ್ಲಿಸ್ ಕೆಲಸದಿಂದ ಬಂದು ಬಾಗಿಲಿಗೆ ಬೀಗದಕೈ ಹಾಕುವುದಕ್ಕೂ ಫೋನ್ ಬಡಿದುಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. ದನಿ ಒಂದು ದಿನ ದಪ್ಪ, ಒಂದು ದಿನ ಕೀರಲು. ಹೆಸರು ಮಾತ್ರ ಆಂಬರ್, ಮೊದಲ ಮಾತು ಮಾತ್ರ ಅದೇ.

“ಅಮ್ಮನ ಮಂಡಿನೋವು ಹೇಗಿದೆ ಅಂತ ಕೇಳ್ತಾರೆ ಮಾವ,” ಎಂದಳು ಕಾರ್ಲಿಸ್. “ನಾನು ಹೇಳಿದ್ದು ಒಬ್ಬಳಿಗೆ. ಈಗ ಆರು ಜನಕ್ಕೆ ಗೊತ್ತು. ಆರೂ ಜನ ಆಂಬರೇ.”

ನನ್ನ ಬೆನ್ನಲ್ಲಿ ಐಸ್ ನೀರು ಇಳಿದಂತಾಯಿತು. ನದಿಯ ತಣ್ಣನೆ ಗಾಳಿ ತಾಗಿತು ಎಂದು ನೆಪ ಹೇಳಿ ಮುಚ್ಚಿಕೊಂಡೆ.

ಆಮೇಲೆ ಹೊಳಪು ಕಾಗದದ ಪುಸ್ತಿಕೆ ಬಂತು. ಮೇಲೊಬ್ಬ ಹುಡುಗಿಯ ಚಿತ್ರ: ನೀಲಿ ಉಡುಪು, ಕೊರಳಲ್ಲಿ ಸ್ಟೆತಸ್ಕೋಪು, ಎಡಗೆನ್ನೆಯಲ್ಲಿ ಗುಳಿ. ನನ್ನ ಅಕ್ಕ ವೆಲ್ಮಾ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಇಡೀ ಬೀದಿಯನ್ನು ಕರೆದು ತೋರಿಸಿದಳು. ಗುರುವಾರ ನನ್ನ ಲಾಂಡ್ರಿಗೂ ತಂದಳು.

“ಇನ್ನು ಮೂರೇ ವರ್ಷ ಉಳಿದಿರೋದು ಅಕ್ಕ, ನೆನಪಿರ್ಲಿ,” ಎಂದೆ. ಓದುವವರಿಗೆ ಸರ್ಕಾರ ಕೊಡುವ ಸಹಾಯಧನಕ್ಕೂ ನಮ್ಮಲ್ಲಿ ಆಯಸ್ಸಿದೆ, ಒಟ್ಟು ಆರು ವರ್ಷ. ಹತ್ತೊಂಬತ್ತರಲ್ಲಿ ಓದಲು ಹೋಗಿ, ಮಗುವಾಗಿ ಓದು ಬಿಡುವಷ್ಟರಲ್ಲಿ ಕಾರ್ಲಿಸ್ ಅದರಲ್ಲಿ ಅರ್ಧ ಮುಗಿಸಿದ್ದಳು. ಉಳಿದ ಅರ್ಧ ಕೈತಪ್ಪಿದರೆ ನರ್ಸ್ ಆಸೆಗೆ ಮಣ್ಣು ಹಾಕಿದಂತೆಯೇ.

“ಅದಕ್ಕೇ ಬೇಗ ಸೇರ್ಬೇಕು,” ಎಂದಳು ವೆಲ್ಮಾ. “ಇಲ್ನೋಡು, ‘ಮಾನ್ಯತೆ ಪಡೆದ ಕಾಲೇಜು’ ಅಂತ ದಪ್ಪಕ್ಷರದಲ್ಲಿ ಬರ್ದಿದ್ದಾರೆ. ಸರ್ಕಾರ ಇವ್ರಿಗೆ ದುಡ್ಡು ಕೊಡುತ್ತೆ ಅಂದ್ರೆ ಒಳಗೆ ಹೋಗಿ ನೋಡೇ ಇರುತ್ತಲ್ವಾ? ಕಳ್ಳರ ಕೈಗೆ ಕೊಡೋಕೆ ಸರ್ಕಾರಕ್ಕೇನು ಹುಚ್ಚಾ? ನೀನು ಹತ್ತನೇ ಕ್ಲಾಸು ದಾಟಿಲ್ಲ, ಸುಮ್ನಿರು.”

ನಾನು ಹನ್ನೊಂದನೇ ಕ್ಲಾಸಿನವರೆಗೆ ಓದಿದವನು. ಆದರೂ ಬಟ್ಟೆ ಮಡಿಸುವ ಕಡೆ ತಿರುಗಿದೆ.

ಅಷ್ಟರಲ್ಲಿ ಮಿಸ್ ಜನೀವಾ ಬಟ್ಟೆ ಬುಟ್ಟಿಯೊಂದಿಗೆ ಬಂದರು. ಮುಚ್ಚಿಹೋದ ಕಾಲೇಜುಗಳ ದಾಖಲೆ ಕಾಯುವ ರಾಜ್ಯದ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದವರು. ಕಾಲೇಜೊಂದು ಸತ್ತರೆ ಅದರ ಮಕ್ಕಳ ಅಂಕಪಟ್ಟಿಗಳು ಪೆಟ್ಟಿಗೆಯಲ್ಲಿ ತುಂಬಿ ಅವರ ನೆಲಮಾಳಿಗೆಗೆ ಬರುತ್ತಿದ್ದವು. ಬಟ್ಟೆ ಮಡಿಸುವ ಮೇಜಿನ ಮೇಲಿದ್ದ ಪುಸ್ತಿಕೆ ನೋಡಿ ಅವರು ಬುಟ್ಟಿಯನ್ನು ನೆಲಕ್ಕಿಟ್ಟರು.

“ಈ ಹುಡುಗೀನ ನಾನು ಮೂರು ಸಲ ಹೂತಿದ್ದೀನಿ,” ಎಂದರು.

ಲಾಂಡ್ರಿಯ ಹದಿನಾಲ್ಕೂ ಯಂತ್ರಗಳು ಆ ಕ್ಷಣ ನಿಂತವು. ನೀವು ನಂಬದಿದ್ದರೆ ನನಗೇನೂ ನಷ್ಟವಿಲ್ಲ.

“ಏನಂತೀರಿ ಮಿಸ್ ಜನೀವಾ?” ವೆಲ್ಮಾಳ ದನಿ ಇಳಿಯಿತು.

“ಮೂರು ಕಾಲೇಜು, ಮೂರು ಊರು, ಮೂರು ಹೆಸರು. ಮೂರೂ ಬಾಗಿಲು ಹಾಕಿದ್ವು. ಪೆಟ್ಟಿಗೆ ಬಿಚ್ಚಿದಾಗೆಲ್ಲ ಮೇಲುಗಡೆ ಇವಳೇ ನಗ್ತಿದ್ಲು. ಮೊದಲ್ನೇ ಸಲ ನೋಡಿದಾಗ ನನ್ನ ಕೂದಲು ಕಪ್ಪಿತ್ತು. ಇವಳಿಗೆ ಒಂದು ದಿನಾನೂ ವಯಸ್ಸಾಗಿಲ್ಲ.”

“ಮಾನ್ಯತೆ ಇದೆ ಅಂತ ಬರ್ದಿದೆಯಲ್ಲ.”

“ಯಾರು ಕೊಟ್ರು, ಯಾವ ಕೋರ್ಸಿಗೆ ಕೊಟ್ರು? ಅದನ್ನ ದಪ್ಪಕ್ಷರದಲ್ಲಿ ಬರೆಯಲ್ಲ ವೆಲ್ಮಾ. ಆಸ್ಪತ್ರೆ ಬಿಲ್ ಬರೆಯೋ ಕೋರ್ಸಿಂದ ಕಾಲೇಜಿಗೆ ಮಾನ್ಯತೆ ಬಂದಿರಬಹುದು. ನರ್ಸಿಂಗ್‌ಗೆ ರಾಜ್ಯದ ನರ್ಸಿಂಗ್ ಮಂಡಳಿ ಒಪ್ಪಿಗೆ ಬೇರೇನೇ ಬೇಕು. ಅದಿಲ್ದಿದ್ರೆ ಎಷ್ಟೇ ಓದಿದ್ರೂ ಪರೀಕ್ಷೆಗೆ ಕೂರಿಸಲ್ಲ.”

“ಮತ್ತೆ ಸರ್ಕಾರ ಏನ್ ಮಾಡ್ತಿರುತ್ತೆ?”

“ಕಾವಲಿಗೆ ಮೂರು ಜನ ಇದ್ದಾರೆ. ಬಾಗಿಲು ತೆಗೆಯೋಕೆ ರಾಜ್ಯ ಅನುಮತಿ ಕೊಡುತ್ತೆ. ಪಾಠ ಹೇಗಿದೆ ಅಂತ ಮಾನ್ಯತಾ ಸಂಸ್ಥೆ ನೋಡುತ್ತೆ. ಕೇಂದ್ರ ದುಡ್ಡು ಕೊಡುತ್ತೆ. ಉಳಿದಿಬ್ರು ಎಚ್ಚರ ಇದ್ದಾರೆ ಅಂತ ಒಬ್ಬೊಬ್ರೂ ಅಂದ್ಕೊಂಡ್ರೆ ಏನಾಗುತ್ತೆ? ನಾಲ್ಕನೇ ಕಾವಲು ನೀನೇ. ಹೋಗಿ ಕಣ್ಣಾರೆ ನೋಡು.”

ಮರುದಿನ ಮಧ್ಯಾಹ್ನ ಕಾರ್ಲಿಸ್, ಮಿಸ್ ಜನೀವಾ ಸೇರಿ ನಾಲ್ವರೂ ಹಾರ್ಟ್‌ಲೇನ್‌ಗೆ ಹೋದೆವು. ಆ ಕಟ್ಟಡ ಮೊದಲು ಸೋಫಾ ಅಂಗಡಿಯಾಗಿತ್ತು. ಈಗ ಗೋಡೆಯ ಮೇಲೆ ಆಳೆತ್ತರದ ಚಿತ್ರ, ಅದೇ ಗುಳಿಯ ಹುಡುಗಿ. ಅಂಗಳದ ತುಂಬ ಕಾರುಗಳಿದ್ದರೂ ಒಳಗೆ ಒಂದು ನರಪಿಳ್ಳೆಯಿಲ್ಲ. ಅವು ಪಕ್ಕದ ಕಾರು ಮಾರಾಟ ಮಳಿಗೆಯವು ಎಂದು ಆಮೇಲೆ ತಿಳಿಯಿತು. ಕೆಂಪು ಕೋಟಿನ ಹೆಂಗಸೊಬ್ಬಳು ನಗುತ್ತ ಬಂದು ನಮ್ಮನ್ನು ಅಭ್ಯಾಸದ ಕೋಣೆಗೆ ಕರೆದೊಯ್ದಳು.

ಆರು ಮಂಚ. ಆರರ ಮೇಲೂ ಕತ್ತಿನವರೆಗೆ ಹೊದ್ದು ಮಲಗಿದ ರೋಗಿ ಗೊಂಬೆಗಳು. ಆರೂ ಕಣ್ಣು ತೆರೆದು ಬಾಗಿಲನ್ನೇ ನೋಡುತ್ತಿದ್ದವು. ಮುಖಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕಿನ ಒಳಗೆ ಉಸಿರಿನ ಮಂಜು ಕಟ್ಟಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಕಾರ್ಲಿಸ್ ಇಲ್ಲ ಅನ್ನುತ್ತಾಳೆ. ಅವಳ ಕೈ ಅಭ್ಯಾಸಬಲದಿಂದ ಒಂದು ಗೊಂಬೆಯ ಭುಜದಡಿ ಹೋಯಿತು, ಮಗ್ಗುಲು ತಿರುಗಿಸಲೆಂದು.

“ಅಂಗಡಿಯಿಂದ ಬಂದ ಕವರೇ ಇನ್ನೂ ಬಿಚ್ಚಿಲ್ಲ ಮಾವ,” ಎಂದು ಪಿಸುಗುಟ್ಟಿದಳು. “ಇವನ್ನ ಯಾರೂ ಮುಟ್ಟೇ ಇಲ್ಲ.”

ವೆಲ್ಮಾ ಕೆಂಪು ಕೋಟಿನವಳ ಕಡೆ ತಿರುಗಿದಳು. “ನರ್ಸಿಂಗ್ ಮಂಡಳಿ ಒಪ್ಪಿಗೆ ಇದೆಯೇನಮ್ಮ?”

“ಅರ್ಜಿ ಹಾಕಿದ್ದೀವಿ. ಅಲ್ಲಿವರೆಗೆ ಪೂರ್ವಸಿದ್ಧತೆ ತರಗತಿ ನಡೆಯುತ್ತೆ. ಇವತ್ತೇ ಸಹಿ ಹಾಕಿ, ಸೀಟು ಒಂದೇ ಉಳಿದಿರೋದು. ಸಹಾಯಧನದ ಖಾತೆ ಪಾಸ್‌ವರ್ಡ್ ಕೊಟ್ರೆ ಅರ್ಜಿ ನಾವೇ ತುಂಬ್ತೀವಿ.”

“ಇಲ್ಲಿ ಓದಿ ನರ್ಸ್ ಆದವ್ರು ಒಬ್ರನ್ನ ತೋರಿಸಿ.”

ಅವಳು ಗೋಡೆಯ ಚಿತ್ರದತ್ತ ಬೆರಳು ತೋರಿಸಿದಳು.

“ಇವಳ ಹೆಸರೇನು?”

ಹೆಂಗಸಿನ ನಗು ಹಾಗೇ ಇತ್ತು, ಕಣ್ಣು ಮಾತ್ರ ಅತ್ತಿತ್ತ ಹುಡುಕಿತು. “ಆಂಬರ್,” ಎಂದಳು.

ಕಾರ್ಲಿಸ್‌ಳ ಕೈಚೀಲದಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಅವಳು ತೆಗೆಯಲಿಲ್ಲ. ಅದು ನಿಲ್ಲಲೂ ಇಲ್ಲ. ಆರು ಗೊಂಬೆಗಳು ಬಾಗಿಲು ನೋಡುತ್ತಲೇ ಇದ್ದವು. ನಾವು ಅದೇ ಬಾಗಿಲಿನಿಂದ ಹೊರಬಿದ್ದೆವು. ಎಲ್ಲರಿಗಿಂತ ಮುಂದೆ ಓಡಿದವನು ನಾನು, ಕಾರು ತೆಗೆದಿಡೋಣವೆಂದು.

ಕಾರಿನಲ್ಲಿ ಕೂತು ಕಾರ್ಲಿಸ್ ಫೋನಿನಲ್ಲಿ ನರ್ಸಿಂಗ್ ಮಂಡಳಿ ಒಪ್ಪಿದ ಕಾಲೇಜುಗಳ ಪಟ್ಟಿ ತೆಗೆದಳು. ಮೇಲಿಂದ ಕೆಳಗೆ ಎರಡು ಸಲ ನೋಡಿದಳು. ಹಾರ್ಟ್‌ಲೇನ್ ಇರಲಿಲ್ಲ. ನಮ್ಮ ಕೌಂಟಿಯ ಸರ್ಕಾರಿ ಕಾಲೇಜು ಇತ್ತು.

“ಫ್ರಿಜ್ ಮೇಲಿನ ಅವಳನ್ನ ಮೊದ್ಲು ಕಿತ್ತಾಕ್ತೀನಿ,” ಎಂದಳು ವೆಲ್ಮಾ. ಅಕ್ಕ ಸೋತದ್ದನ್ನು ನಾನು ಕಂಡದ್ದು ಐವತ್ತು ವರ್ಷದಲ್ಲಿ ಅದೊಂದೇ ಸಲ.

ಸರ್ಕಾರಿ ಕಾಲೇಜಿನಿಂದ ನಮಗೆ ಯಾರೂ ಫೋನ್ ಮಾಡಲಿಲ್ಲ. ನಾವೇ ಮೂರು ಸಲ ಮಾಡಿ, ಒಂದು ವರ್ಷ ಸಾಲಿನಲ್ಲಿ ಕಾದೆವು. ಕಾರ್ಲಿಸ್ ಈಗ ಅಲ್ಲಿ ಎರಡನೇ ವರ್ಷ. ಅಲ್ಲಿನ ಗೊಂಬೆಗಳನ್ನು ಮಕ್ಕಳು ಮುಟ್ಟಿ ಮುಟ್ಟಿ ಮೂಗು ಸವೆದಿದೆಯಂತೆ.

ಹಾರ್ಟ್‌ಲೇನ್ ಹೋದ ಚಳಿಗಾಲ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಮುಚ್ಚಿಕೊಂಡಿತು. ಅದರ ಪೆಟ್ಟಿಗೆಗಳೂ ಮಿಸ್ ಜನೀವಾರ ಹಳೆ ಕಚೇರಿಯ ನೆಲಮಾಳಿಗೆಗೆ ಹೋದವು. ಆದರೆ ಮೊನ್ನೆ ಹೆದ್ದಾರಿಯಲ್ಲಿ ಹೊಸ ಫಲಕ ನೋಡಿದೆ. ಹೊಸ ಹೆಸರು, ಹೊಸ ಬಣ್ಣ. ಎಡಗೆನ್ನೆಯಲ್ಲಿ ಗುಳಿ. ವಯಸ್ಸು ಅಷ್ಟೇ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಾನು ಹೇಳಿದ್ದರಲ್ಲಿ ಅರ್ಧ ಬಿಟ್ಟರೂ ಚಿಂತೆಯಿಲ್ಲ, ಇಷ್ಟನ್ನು ಇಟ್ಟುಕೊಳ್ಳಿ. ಕಾಲೇಜಿಗೆ ಮಾನ್ಯತೆ ಕೊಟ್ಟವರು ಸರ್ಕಾರ ಒಪ್ಪಿದವರೇ ಎಂದು ನೀವೇ ನೋಡಿ. ನಿಮ್ಮ ಕೋರ್ಸಿಗೆ ಪರವಾನಗಿ ಮಂಡಳಿಯ ಒಪ್ಪಿಗೆ ಇದೆಯೇ ಎಂದು ಮಂಡಳಿಯನ್ನೇ ಕೇಳಿ, ಕಾಲೇಜನ್ನಲ್ಲ. ಹೋದ ದಿನವೇ ಸಹಿ ಹಾಕಬೇಡಿ, ಪಾಸ್‌ವರ್ಡ್ ಯಾರ ಕೈಗೂ ಕೊಡಬೇಡಿ. ಅಲ್ಲಿ ಓದಿ ಮುಗಿಸಿದ ಒಬ್ಬ ಜೀವಂತ ಮನುಷ್ಯನನ್ನಾದರೂ ಕಂಡು ಮಾತಾಡಿ.

ಮತ್ತು ನೀವು ಬಾಗಿಲಿಗೆ ಬೀಗದಕೈ ಹಾಕುವ ಹೊತ್ತಿಗೆ ಸರಿಯಾಗಿ ಫೋನ್ ಬಂದು, ನಿಮ್ಮ ಮೇಲೆ ನನಗೆ ನಂಬಿಕೆ ಇದೆ ಎಂದು ಯಾರಾದರೂ ಹೇಳಿದರೆ, ಮೊದಲು ಅವರ ಹೆಸರು ಕೇಳಿ.