ಹದಿನೇಳನೆಯ ಸೆಲ್

“ಹೊಸ ಬ್ಯಾಟರಿಗೆ ನೀರೇ ಬೇಡ್ವಂತೆ ಅಣ್ಣ. ಗೋಡೆಗೆ ನೇತುಹಾಕಿದ್ರೆ ಮುಗೀತು, ಹತ್ತು ವರ್ಷ ಆ ಕಡೆ ತಿರುಗಿ ನೋಡೋ ಕೆಲಸ ಇಲ್ಲ,” ಎಂದಳು ತಂಗಿ, ಕೈಯಲ್ಲಿದ್ದ ಕೋಳಿಮರಿಯನ್ನು ತಿರುಗಿಸಿ ಕಾಲು ನೋಡುತ್ತ. ಕಾಲು ಸೊಟ್ಟಗಿತ್ತು. ಮಾತು ನಿಲ್ಲಿಸದೆಯೇ ಅದನ್ನು ಪಕ್ಕದ ನೀಲಿ ಬಕೆಟ್ಟಿಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡಳು.

ಅವನು ಡಿಸ್ಟಿಲ್ಡ್ ವಾಟರಿನ ಕ್ಯಾನು ಹಿಡಿದು ಬಾಗಿಲಲ್ಲೇ ನಿಂತಿದ್ದ. ತಂಗಿಯ ಹ್ಯಾಚರಿಯಲ್ಲಿ ಮರಿ ಆರಿಸುವ ಹೆಂಗಸರೆಲ್ಲ ಅವನನ್ನು ನೀರಣ್ಣ ಎಂದೇ ಕರೆಯುತ್ತಿದ್ದರು. ಒಂಬತ್ತು ವರ್ಷದ ಹಿಂದೆ, ಗಂಡ ತೀರಿಕೊಂಡ ವಾರದಲ್ಲೇ, “ನಂಬೋ ಅಂಥವರು ಯಾರೂ ಇಲ್ಲ, ಬಂದ್ಬಿಡು” ಎಂದು ಇದೇ ತಂಗಿ ಅತ್ತು ಕರೆದಿದ್ದಳು. ಇವನಿಗೆ ಹೆಂಡತಿಯೇ, ಮಕ್ಕಳೇ? ಪೆಟ್ಟಿಗೆ ಎತ್ತಿಕೊಂಡು ಬಂದೇಬಿಟ್ಟ. ಬ್ಯಾಟರಿ ಕೋಣೆಯ ಮಗ್ಗುಲಿನ ಕೋಣೆಯೇ ಮನೆಯಾಯಿತು. ಕರೆಂಟು ಹೋದಾಗ ಮೊಟ್ಟೆಗಳ ಕಾವುಪೆಟ್ಟಿಗೆ ನಿಲ್ಲಬಾರದು. ಸೂರಿನ ಮೇಲಿನ ಸೋಲಾರ್ ತುಂಬಿಟ್ಟ ಆ ಇಪ್ಪತ್ನಾಲ್ಕು ಸೆಲ್ಲುಗಳೇ ಅದಕ್ಕೆ ಆಧಾರ. ಈ ಒಂಬತ್ತು ವರ್ಷದಲ್ಲಿ ಒಂದು ತಟ್ಟೆ ಮೊಟ್ಟೆಯೂ ಕೆಟ್ಟಿರಲಿಲ್ಲ. ಅದನ್ನು ಯಾರಾದರೂ ಒಂದು ಸಲ ಬಾಯಿಬಿಟ್ಟು ಹೇಳಲಿ ಎಂದು ಅವನಿಗೆ ಆಸೆಯಿತ್ತು. ಯಾರೂ ಹೇಳಿರಲಿಲ್ಲ.

“ಗೋಡೆ ಮೇಲಿನ ಪೆಟ್ಟಿಗೆ ಒಳಗೆ ಏನಾಗ್ತಿದೆ ಅಂತ ಯಾರಿಗೆ ಗೊತ್ತಾಗುತ್ತೆ?” ಎಂದ. “ನಮ್ಮದು ಚೆನ್ನಾಗೇ ಇದೆ. ಇನ್ನೂ ಐದು ವರ್ಷಕ್ಕೆ ಮೋಸ ಇಲ್ಲ.”

“ಚೆನ್ನಾಗಿದೆ ಅಂತ ನೀನು ಹೇಳ್ತೀಯ. ಸೋಮವಾರ ಒಬ್ಬರು ಬಂದು ಪರೀಕ್ಷೆ ಮಾಡ್ತಾರೆ. ನಾಲ್ಕು ಗಂಟೆ ಪೂರ್ತಿ ಲೋಡು ತಡೆದ್ರೆ ನಿನ್ನ ಮಾತೇ ಸರಿ.”

ಅಷ್ಟು ಸಾಕಾಯಿತು ಅವನಿಗೆ. ಆ ವಾರವಿಡೀ ಮೈಮೇಲೆ ಪ್ರಜ್ಞೆಯಿಲ್ಲದವನಂತೆ ದುಡಿದ. ಟರ್ಮಿನಲ್ಲುಗಳ ಮೇಲೆ ಕಟ್ಟಿದ್ದ ಹಸಿರು ಕಿಲುಬನ್ನು ಸೋಡಾಪುಡಿಯ ನೀರಲ್ಲಿ ತೊಳೆದು ವ್ಯಾಸಲಿನ್ ಸವರಿದ. ಚಾರ್ಜು ಪೂರ್ತಿಯಾಗುವ ತನಕ ಕಾದು, ಆಮೇಲೆಯೇ ಒಂದೊಂದಕ್ಕೂ ಗೆರೆಯವರೆಗೆ ನೀರು ಹಾಕಿದ. ಮೊದಲೇ ಹಾಕುವ ಅವಸರಗೇಡಿಗಳನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. ಹದಿನೇಳನೆಯದು ಮಾತ್ರ ಮೂರು ವರ್ಷದಿಂದ ಸೊರಗಿತ್ತು. ಪ್ರತಿ ಭಾನುವಾರ ಅದೊಂದಕ್ಕೇ ಪುಟ್ಟ ಚಾರ್ಜರು ಕಟ್ಟಿ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಅದನ್ನು ಉಳಿದವುಗಳ ಸಮಕ್ಕೆ ತರುತ್ತಿದ್ದ. ಆಸಿಡ್ ತಗುಲಿ ಅಂಗಿಯೆಲ್ಲ ಜರಡಿಯಾಗಿತ್ತು. ಈ ಭಾನುವಾರ ಊಟಕ್ಕೂ ಏಳಲಿಲ್ಲ.

ಸೋಮವಾರ ಹತ್ತಕ್ಕೆ ಬಂದವನು ಮೃದು ಮಾತಿನ, ದಪ್ಪ ಕನ್ನಡಕದ ಮನುಷ್ಯ. ಮೇನ್ ಸ್ವಿಚ್ಚು ಇಳಿಸಿದರು, ಸೋಲಾರನ್ನೂ ಬಿಡಿಸಿದರು. ಕಾವುಪೆಟ್ಟಿಗೆಗಳೆಲ್ಲ ಬ್ಯಾಟರಿಯ ಮೇಲೆಯೇ ನಡೆಯತೊಡಗಿದವು. ಮೀಟರಿನಲ್ಲಿ ಕಣ್ಣು ನೆಟ್ಟು ನೀರಣ್ಣ ಕೂತ. ಹನ್ನೊಂದಾಯಿತು, ಹನ್ನೆರಡಾಯಿತು. ನಲವತ್ತೇಳು ವೋಲ್ಟಿನ ಕೆಳಗೆ ಮುಳ್ಳು ಇಳಿಯಲಿಲ್ಲ. ಎರಡು ಗಂಟೆಯಾದಾಗ ಕನ್ನಡಕದವನು ಸೆಲ್ಲುಗಳ ಸಾಲಿನುದ್ದಕ್ಕೂ ನಡೆದು, “ಒಂಬತ್ತು ವರ್ಷದ ಮಾಲು ಅಂದ್ರೆ ಯಾರೂ ನಂಬಲ್ಲ ಯಜಮಾನ್ರೇ. ಮಗು ಸಾಕಿದ ಹಾಗೆ ಸಾಕಿದೀರಿ,” ಎಂದ.

ನೀರಣ್ಣ ಹಿಗ್ಗಿಹೋದ. ಆ ಹಿಗ್ಗಿನಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಗುಣ ಬಲ್ಲವನ ಹತ್ತಿರ ಮುಚ್ಚುಮರೆ ಏಕೆ? “ನಿಮಗೆ ಸುಳ್ಳು ಹೇಳಬಾರದು ಸಾರ್. ಹದಿನೇಳನೇದು ಸ್ವಲ್ಪ ವೀಕು. ಭಾನುವಾರ ಭಾನುವಾರ ಬೇರೆ ಚಾರ್ಜು ಕೊಡಲೇಬೇಕು. ಒಂದು ವಾರ ಮರೆತ್ರೆ ಎಲ್ಲವನ್ನೂ ಕೆಳಗೆಳೆಯುತ್ತೆ.”

“ಹೌದಾ?” ಎಂದು ಅವನು ಜೇಬಿನಿಂದ ಸೀಮೆಸುಣ್ಣ ತೆಗೆದು ಹದಿನೇಳರ ಮೇಲೆ ಒಂದು ಅಡ್ಡಗೆರೆ ಎಳೆದ. ಆಮೇಲೆ ಬಾಗಿಲಲ್ಲಿದ್ದ ತಂಗಿಯತ್ತ ತಿರುಗಿದ. “ಇಪ್ಪತ್ಮೂರು ನನಗಿರಲಿ ಅಮ್ಮ. ಇದೊಂದು ಬೇಡ, ಗುಜರಿಗೆ ಹಾಕಿ. ನಮ್ಮ ಕಲ್ಲು ಕ್ವಾರಿಲಿ ಭಾನುವಾರ ಯಾರು ಕೂತ್ಕೋತಾರೆ? ಇದರ ಜಾಗಕ್ಕೆ ಒಂದು ನನ್ನ ಹತ್ರ ಇದೆ. ಲಾರಿ ಹೊರಗೇ ನಿಂತಿದೆ, ಹುಡುಗರನ್ನ ಕರೀಲಾ?”

ನೀರಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ತಂಗಿಯತ್ತ ತಿರುಗಿದ.

“ನಾಲ್ಕು ಗಂಟೆ ತಡೆದ್ರೆ ನನ್ನ ಮಾತೇ ಸರಿ ಅಂದಿದ್ದೆಯಲ್ಲಮ್ಮ.”

“ಸರಿಯಾಯ್ತಲ್ಲ! ಚೆನ್ನಾಗಿದೆ ಅಂದೆ, ಚೆನ್ನಾಗಿದೆ. ಕೆಟ್ಟಿದ್ರೆ ಇವರು ಯಾಕೆ ತಗೋತಿದ್ರು?” ತಂಗಿ ನಕ್ಕಳು. ಹೊಸ ಬ್ಯಾಟರಿಗಳು ಶುಕ್ರವಾರವೇ ಬಂದು ಉಗ್ರಾಣದಲ್ಲಿ ರಟ್ಟಿನ ಪೆಟ್ಟಿಗೆಯೊಳಗಿದ್ದವು. ಅವನೊಬ್ಬನಿಗೇ ಗೊತ್ತಿರಲಿಲ್ಲ. “ಆದ್ರೂ ನಿನ್ನ ಬಾಯಿಗೆ ಬೀಗ ಹಾಕೋರು ಯಾರು? ಯಾರಾದ್ರೂ ಕೇಳಿದ್ರಾ ಹದಿನೇಳನೇದರ ಕಥೆ?”

“ಯಜಮಾನ್ರು ಬ್ಯಾಟರಿ ಜೊತೆಗೇ ಬರ್ತಾರಾ?” ಎಂದು ಕನ್ನಡಕದವನು ತಮಾಷೆ ಮಾಡಿದ.

“ಬೇಕಾದ್ರೆ ಕರ್ಕೊಂಡು ಹೋಗಿ. ನೀರು ಮಾತ್ರ ನೀವೇ ಕೊಡಿಸ್ಬೇಕು,” ಎಂದಳು ತಂಗಿ.

ಮರಿ ಆರಿಸುವ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅವನೂ ನಗಲು ನೋಡಿದ. ಮುಖ ಅವನ ಮಾತು ಕೇಳಲಿಲ್ಲ.

ಲಾರಿಯ ಆಳುಗಳು ಸೆಲ್ಲುಗಳನ್ನು ವಾಲಿಸಿಕೊಂಡು ಎತ್ತತೊಡಗಿದಾಗ ಅವನಿಗೆ ತಡೆಯಲಾಗಲಿಲ್ಲ. “ನೆಟ್ಟಗೆ ಹಿಡೀರಪ್ಪಾ, ಆಸಿಡ್ ಚೆಲ್ಲುತ್ತೆ,” ಎಂದು ಒಂದೊಂದರ ಹಿಂದೆಯೂ ಲಾರಿಯ ತನಕ ಓಡಿದ. ಕೊನೆಗೆ ಅವನೇ ಹೆಗಲು ಕೊಟ್ಟ. ಮೇಲೆ ಹತ್ತಿಸಿ, ಮುಚ್ಚಳಗಳು ಬಿಗಿಯಾಗಿವೆಯೇ ಎಂದು ತಿರುಗಿಸಿ ನೋಡಿದ. ಲಾರಿ ಹೋಯಿತು. ಕೋಣೆಯಲ್ಲಿ ಉದ್ದನೆಯ ಮರದ ಸ್ಟ್ಯಾಂಡು, ಅದರ ಮೇಲೆ ಸೀಮೆಸುಣ್ಣದ ಗೆರೆ ಹೊತ್ತ ಒಂದು ಸೆಲ್ಲು.

ಸಂಜೆ ಕಾಫಿ ಕೊಡುವಾಗ ತಂಗಿ ಮಿಕ್ಕಿದ್ದನ್ನೂ ಹೇಳಿ ಮುಗಿಸಿದಳು. “ಬ್ಯಾಟರಿ ಕೋಣೆ, ನಿನ್ನ ಕೋಣೆ ಎರಡನ್ನೂ ಸೇರಿಸಿ ಮೊಟ್ಟೆ ಇಡೋಕೆ ಮಾಡ್ತೀನಿ. ದೊಡ್ಡಕ್ಕ ಹಾಸಿಗೆ ಬಿಟ್ಟು ಏಳ್ತಿಲ್ಲ, ಅವಳಿಗೂ ಒಬ್ಬರು ಬೇಕು. ನಿನಗೆ ಹೇಗೂ ಇಂಥ ಕೆಲಸ ಒಗ್ಗುತ್ತೆ. ಶನಿವಾರ ಹೊರಡು.”

ಅವನು ತಲೆಯಾಡಿಸಿದ. ಹೋಗಲು ಎದ್ದವನನ್ನು ಅವಳೇ ನಿಲ್ಲಿಸಿದಳು. ಒಂದು ಕ್ಷಣ, ಒಂದೇ ಕ್ಷಣ, ಈಗಲಾದರೂ ಆ ಒಂದು ಮಾತು ಬರಬಹುದೆಂದು ಅವನು ಕಾದ.

“ಕ್ಯಾನಲ್ಲಿ ಉಳಿದಿರೋ ನೀರು ಚೆಲ್ಲಬೇಡ ಅಣ್ಣ. ಸ್ಟೀಮ್ ಇಸ್ತ್ರಿ ಪೆಟ್ಟಿಗೆಗೆ ಒಳ್ಳೇದಂತೆ, ಬಟ್ಟೆಗೆ ಕಲೆ ಹಿಡಿಯಲ್ವಂತೆ.”

ಅವನು ಕ್ಯಾನು ತಂದ, ಆಲಿಕೆಯನ್ನೂ ತಂದ. ಮೇಜಿನ ಮೇಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ನೀರನ್ನು ಸರಿಯಾಗಿ ಗೆರೆಯವರೆಗೆ ತುಂಬಿದ. ಅಂಚಿನಲ್ಲಿ ನಿಂತಿದ್ದ ಒಂದು ಹನಿಯನ್ನು ತೂತು ಬಿದ್ದ ಅಂಗಿಯ ತುದಿಯಿಂದ ಒರೆಸಿ, ಮುಚ್ಚಳ ಹಾಕಿದ.