ಪಂಕ್ತಿಯಲ್ಲಿ ಕುಳಿತ ಮಗಳು

ಮಿರಜ ಸಂಸ್ಥಾನದ ಕಾಲದಲ್ಲಿ, ಸ್ಟೇಶನ್ನಿನಿಂದ ದವಾಖಾನೆಗೆ ಹೋಗುವ ದಾರಿಯಲ್ಲಿ ಗುರುಸಿದ್ಧಪ್ಪನ ಖಾನಾವಳಿ ಇತ್ತು. ಬಾಗಿಲ ಮೇಲಿನ ಹಲಗೆಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ‘ಮನೆಯ ಊಟ’ ಎಂದು ಬರೆಸಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಡುಗೆ ಆಗುತ್ತಿದ್ದುದು ಮನೆಯಲ್ಲೇ, ಮಾಡುತ್ತಿದ್ದವಳು ಅವನ ಹೆಂಡತಿ ನೀಲಗಂಗವ್ವನೇ. ಆ ಊಟ ಸಿಗದೆ ಇದ್ದದ್ದು ಮನೆಯವರಿಗೆ ಮಾತ್ರ.

ಗುರುಸಿದ್ಧಪ್ಪನ ಕೆಲಸವೆಲ್ಲ ಪ್ಲಾಟ್‌ಫಾರ್ಮಿನ ಮೇಲೆ. ಬೆಳಗಾವಿ ಕಡೆಯ ರೈಲಿನಿಂದ ರೋಗಿಯನ್ನು ಇಳಿಸಿಕೊಂಡು, ಮರಾಠಿ ಬಾರದೆ ಕಕ್ಕಾಬಿಕ್ಕಿಯಾಗಿ ನಿಂತವರ ಹತ್ತಿರ ಹೋಗಿ, “ಬರ್ರಿ, ನಾವೂ ನಿಮ್ಮ ಕಡೆ ಮಂದಿನ. ಮೊದಲ ಊಟಾ ಮಾಡ್ರಿ” ಎನ್ನುತ್ತಿದ್ದ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವರಿಗೆ ಅರ್ಧ ಜೀವ ಬಂದಂತಾಗುತ್ತಿತ್ತು. ರೈಲಿಗೆ ಹೊತ್ತುಗೊತ್ತು ಇರಲಿಲ್ಲ, ಹಾಗಾಗಿ ಖಾನಾವಳಿಗೂ ಇರಲಿಲ್ಲ. ಗಿರಾಕಿಗಳು ಎದ್ದ ಮೇಲೆಯೇ ಮನೆಯವರು ಉಣ್ಣಬೇಕು ಎಂಬುದು ಅಲ್ಲಿಯ ನೇಮ. ಆದರೆ ಗಿರಾಕಿಗಳು ಏಳಬೇಕಲ್ಲ! ಒಬ್ಬರು ಎದ್ದರೆ ಇಬ್ಬರು ಕೂಡುತ್ತಿದ್ದರು. ಅಪ್ಪ ಹೊಸ್ತಿಲಲ್ಲಿ ನಿಂತು, ಅವ್ವ ಒಲೆಯ ಮುಂದೆ ಕೂತು, ಶಾಲನ ಎಂಬ ಮಗಳು ಹಿತ್ತಲ ಕಟ್ಟೆಯ ಮೇಲೆ, ಹೀಗೆ ಮೂವರೂ ಮೂರು ಹೊತ್ತಿಗೆ ರೊಟ್ಟಿ ಮುರಿಯುತ್ತಿದ್ದರು.

ನೀಲಗಂಗವ್ವ ಬಡಿಸುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ತಾಟು ನೋಡುತ್ತಿದ್ದಳು. ಮುಖ ನೋಡಿದರೆ ಅಳು ಕಾಣುತ್ತದೆ, ಅಳು ಕಂಡರೆ ಕೈ ನಿಲ್ಲುತ್ತದೆ, ಕೈ ನಿಂತರೆ ಪಂಕ್ತಿಯೇ ನಿಲ್ಲುತ್ತದೆ. ಆದರೆ ಮಾತಿಗೆ ಬರವಿರಲಿಲ್ಲ. ಊರು ಕೇಳುವಳು, ರೋಗ ಕೇಳುವಳು, ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕುವಳು. ಜಮಖಂಡಿ, ಗೋಕಾಕದ ಮಂದಿ ಹೋಗುವಾಗ “ಹಡೆದ ತಾಯಿ ಹಂಗ ನೀಡಿದ್ರಿ” ಎಂದು ಕೈ ಮುಗಿಯುತ್ತಿದ್ದರು. ಹಡೆದ ತಾಯಿ ಹೇಗೆ ನೀಡುತ್ತಾಳೆ ಎಂಬುದನ್ನು ಶಾಲನ ಆ ಮಂದಿಯ ಬಾಯಿಂದಲೇ ಕೇಳಿ ತಿಳಿಯಬೇಕಾಗಿತ್ತು.

ಶಾಲನಳಿಗೆ ಹದಿನೈದು. ಮದುವೆಯಾಗಿ ಒಂದು ವರ್ಷವಾಗಿತ್ತು. ಗಂಡನ ಊರು ಖಂಡೇರಾಜುರಿ. ದಸರೆ ಮುಗಿದೊಡನೆ ಅತ್ತೆಯ ಮನೆಯವರು ಕರೆದೊಯ್ಯಲು ಬರುವವರಿದ್ದರು. ಅವಳು ಕೇಳಿದ್ದು ಒಂದೇ. “ಅವ್ವಾ, ನಾ ಹೋಗೂಕಿಂತ ಮೊದಲ ಒಂದ ಸಲ ಮೂರೂ ಮಂದಿ ಕೂಡಿ ಉಣ್ಣೂಣು.”

“ಅದೇನ ದೊಡ್ಡ ಮಾತ?” ಎಂದ ಗುರುಸಿದ್ಧಪ್ಪ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಮಾತು ಇನ್ನೊಂದಿರಲಿಲ್ಲ.

ಹೊರಡುವ ಹಿಂದಿನ ದಿನ ಖಾನಾವಳಿ ಬಂದ್ ಎಂದು ನಿಶ್ಚಯವಾಯಿತು. ನೀಲಗಂಗವ್ವ ಹೋಳಿಗೆ, ಕಟ್ಟಿನ ಸಾರು ಮಾಡಿದಳು. ಅತ್ತೆ ಕಳಿಸಿದ ಹಸಿರು ಇಳಕಲ್ ಸೀರೆಯನ್ನು ಶಾಲನ ಹಿತ್ತಲ ಕೋಣೆಯಲ್ಲಿ ಮೊದಲ ಸಲ ಉಡುತ್ತಿದ್ದಳು. ಅಷ್ಟರಲ್ಲಿ, ಇವತ್ತು ಊಟ ಇಲ್ಲ ಎಂದು ಸ್ಟೇಶನ್ನಿನಲ್ಲಿ ಹೇಳಿಬರಲು ಹೋದ ಗುರುಸಿದ್ಧಪ್ಪ ಒಂದು ಹಿಂಡು ಮಂದಿಯನ್ನು ಕರೆದುಕೊಂಡೇ ಬಂದ.

“ಏನ ಮಾಡ್ಲಿ? ನಿನ್ನಿಯಿಂದ ಉಪಾಸ ಅದಾರ,” ಎಂದ ಹೆಂಡತಿಗೆ. “ಲಗೂನ ಉಂಡ ಹೋಗತಾರ.”

ನೀಲಗಂಗವ್ವ ಗೊಣಗುತ್ತಲೇ ಸೆರಗು ಸಿಕ್ಕಿಸಿದಳು. ಹೋಳಿಗೆಯ ವಾಸನೆಗೆ ದವಾಖಾನೆಯ ಕಡೆಯಿಂದಲೂ ನಾಲ್ಕು ಮಂದಿ ಬಂದು ಕೂತರು. ಶಾಲನ ಬಾಗಿಲ ಸಂದಿಯಿಂದ ನೋಡಿದಳು. ಅವಳಿಗೆ ಹಸಿವಾಗಿತ್ತು, ಹಸಿವಿಗಿಂತ ಹೆಚ್ಚು ಸಿಟ್ಟು ಬಂದಿತ್ತು. ಹಿತ್ತಲಿಂದ ಸುತ್ತಿ ಬೀದಿ ಬಾಗಿಲಿಗೆ ಬಂದು, ಮುಖ ಮುಚ್ಚುವಷ್ಟು ಸೆರಗೆಳೆದುಕೊಂಡು, ಹೆಂಗಸರ ನಡುವೆ ಪಂಕ್ತಿಯಲ್ಲಿ ಕುಳಿತೇಬಿಟ್ಟಳು.

ತಾಟಿಗೆ ಹೋಳಿಗೆ ಬಿತ್ತು.

“ಯಾವೂರ, ತಂಗಿ?”

ಶಾಲನ ತಲೆ ಎತ್ತಲಿಲ್ಲ. “ಖಂಡೇರಾಜುರಿ ರೀ,” ಎಂದಳು ಸಣ್ಣ ದನಿಯಲ್ಲಿ.

“ಹೌದ? ನಮ್ಮ ಹುಡಿಗೀನೂ ಅಲ್ಲೇ ಕೊಟ್ಟೇವಿ. ನಾಳಿ ಬರತಾಳ.” ನೀಲಗಂಗವ್ವ ಹೋಳಿಗೆಯ ಮೇಲೆ ತುಪ್ಪ ಸುರಿದಳು. “ಬಾಯಿ ಬಿಟ್ಟ ಕೇಳಾಕಿ ಅಲ್ಲ. ಬಂದವರಿಗೆಲ್ಲಾ ನೀಡಿದೆ, ಆಕಿ ಒಬ್ಬಾಕಿಗೆ ಕುಂದರಿಸಿ ನೀಡೂದು ನನ್ನ ಕೈಲೆ ಆಗಲಿಲ್ಲ. ಆಕಿ ಉಂಡ್ಲೋ ಬಿಟ್ಲೋ, ನೀ ಒಂದೀಟ ನೋಡ್ಕೋ, ತಂಗಿ.”

ಉತ್ತರಕ್ಕೆ ಕಾಯದೆ ಪಕ್ಕದ ತಾಟಿಗೆ ಹೋದಳು. ಅಲ್ಲಿ ಹೋಳಿಗೆ ಮುಗಿದಿತ್ತು.

ಶಾಲನಳ ಕಣ್ಣು ತುಂಬಿತು. ಆದರೂ ಉಂಡಳು. ಆ ಕೈ ಮತ್ತೆ ಬಂತು, ಇನ್ನೊಂದು ಹೋಳಿಗೆ ಹಾಕಿತು. ತಾಟಿನ ಮೇಲೆ ಕೈ ಅಡ್ಡ ಹಿಡಿದರೂ ಕೇಳಲಿಲ್ಲ, ಬೆರಳ ಸಂದಿಯಲ್ಲೇ ಸಾರು ಸುರಿಯಿತು. ಜಮಖಂಡಿಯವರು ಅಷ್ಟು ಹೊಗಳುವುದು ಯಾಕೆಂದು ಅವಳಿಗೆ ಈಗ ತಿಳಿಯಿತು. ಹುಟ್ಟಿದಂದಿನಿಂದ ಅಷ್ಟು ಹೊಟ್ಟೆ ತುಂಬ ಅವಳು ಉಂಡಿರಲಿಲ್ಲ.

ಇಳಿಹೊತ್ತಿಗೆ ಕೊನೆಯವರೂ ಕೈ ತೊಳೆದು ಹೋದರು. ನೀಲಗಂಗವ್ವ ಬೀದಿ ಬಾಗಿಲಿಗೆ ಅಗಳಿ ಹಾಕಿ, ಮುಚ್ಚಿಟ್ಟಿದ್ದ ಹೋಳಿಗೆಯನ್ನು ಮೂರು ತಾಟಿಗೆ ಬಡಿಸಿ, ಗಂಡನನ್ನೂ ಮಗಳನ್ನೂ ಕೂಗಿದಳು. ಕೊನೆಗೂ ಮೂವರೂ ಎದುರುಬದುರು ಕುಳಿತರು. ಗುರುಸಿದ್ಧಪ್ಪ, “ನೋಡ, ಹೇಳಿದಂಗ ಮಾಡಿದೆನೋ ಇಲ್ಲೋ?” ಎಂದು ತುತ್ತು ಬಾಯಿಗಿಟ್ಟ.

ಶಾಲನ ತಾಟು ಮುಟ್ಟಲಿಲ್ಲ. “ನನ್ನ ಹೊಟ್ಟಿ ತುಂಬೇತಿ, ಅವ್ವ.”

ನೀಲಗಂಗವ್ವನಿಗೆ ರೇಗಿತು. “ಕೂಡಿ ಉಣ್ಣೂಣು ಅಂತ ಗಂಟ ಬಿದ್ದಾಕಿ ನೀನ. ಈಗ ಯಾರ ಮನ್ಯಾಗ ಉಂಡ ಬಂದಿ? ಯಾರ ನೀಡಿದ್ರ ನಿನಗ?”

“ನೀನ ನೀಡಿದಿ.”

ನೀಲಗಂಗವ್ವ ತಲೆ ಎತ್ತಿದಳು. ಹಸಿರು ಸೀರೆ ಕಂಡಿತು, ಸೆರಗಿನ ತುದಿಗೆ ಹತ್ತಿದ ತುಪ್ಪದ ಕಲೆ ಕಂಡಿತು, ಆಮೇಲೆ ಮಗಳ ಮುಖ ಕಂಡಿತು. ಅವಳ ತುತ್ತು ಕೈಯಲ್ಲೇ ಉಳಿಯಿತು.

“ನೋಡ್ಕೋತೀನಿ, ಅವ್ವ,” ಎಂದಳು ಶಾಲನ. “ನೀ ಚಿಂತಿ ಮಾಡಬ್ಯಾಡ.”

“ಯಾರು? ಯಾರನ್ನ?” ಎನ್ನುತ್ತ ಗುರುಸಿದ್ಧಪ್ಪ ಇನ್ನೊಂದು ಹೋಳಿಗೆಗೆ ಕೈ ಹಾಕಿದ. ಅಂದು ಆ ಮನೆಯಲ್ಲಿ ಬಂದವರೆಲ್ಲ ಉಂಡಿದ್ದರು, ಮಗಳೂ ಉಂಡಿದ್ದಳು. ಉಣ್ಣದೆ ಎದ್ದವಳು ನೀಲಗಂಗವ್ವ ಒಬ್ಬಳೇ.