ಕೆನೆಯ ಬಟ್ಟಲಿನ ಪರೀಕ್ಷೆ

ಬೇಕರಿಯವನಿಗೆ ಸಕ್ಕರೆ ಕಾಯಿಲೆ ಬಂದರೆ ಊರು ನಗುತ್ತದೆ. ಊರಿಗಿಂತ ಮೊದಲು ತಾನೇ ನಕ್ಕುಬಿಡಬೇಕು ಎಂಬುದು ಅವನ ನೀತಿ. ಅದಕ್ಕೇ ತನಗೆ ತಾನೇ 'ಸಕ್ಕರೆ ಸಾಹುಕಾರ' ಎಂಬ ಬಿರುದು ಕೊಟ್ಟುಕೊಂಡಿದ್ದ. "ಬೇರೆಯವರು ಸಿಹೀನ ಅಂಗಡೀಲಿ ಇಡ್ತಾರೆ, ನಾನು ರಕ್ತದಲ್ಲೂ ದಾಸ್ತಾನು ಮಾಡಿದೀನಿ" ಎಂದು ಗಿರಾಕಿಗಳಿಗೆ ಹೇಳಿ ಅವರಿಗಿಂತ ಜೋರಾಗಿ ನಗುತ್ತಿದ್ದ.

ಊರಿಗೆ ಸೋಂಕು ಬಂದಮೇಲೆ ಆ ನಗು ಗಂಟಲಲ್ಲೇ ಉಳಿಯಿತು. ಬೀದಿಯ ತುಂಬ ಮೂಗು ಬಾಯಿ ಮುಚ್ಚಿದ ಮುಖಗಳು, ಅಂಗಡಿಯ ಮುಂದೆ ಅಡ್ಡ ಕಟ್ಟಿದ ಹಗ್ಗ, ಕೊಡುವ ಕೈಗೂ ಕೊಳ್ಳುವ ಕೈಗೂ ನಡುವೆ ಒಂದು ಮೇಜಿನಷ್ಟು ದೂರ. ಡಾಕ್ಟರಮ್ಮ ಫೋನಿನಲ್ಲೇ ಎಚ್ಚರಿಸಿದರು: "ಸಕ್ಕರೆ ಹತೋಟೀಲಿ ಇಟ್ಕೊಳ್ಳಿ. ಅದು ಏರಿದ್ದಾಗ ಈ ವೈರಸ್ ಬಂದ್ರೆ ತುಂಬಾ ಕಷ್ಟ."

ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಹೆಂಡತಿ ಅಲ್ಲೇ ತೀರ್ಪು ಕೊಟ್ಟಳು: "ಸಕ್ಕರೆ ನೋಡೋ ಮೀಟರ್ ಇಳೀಲಿಲ್ಲ ಅಂದ್ರೆ ನೀವು ಮಹಡಿ ಹತ್ತಿ ಕೂತ್ಕೊಳ್ಳಿ. ಒಲೆ ನಾನು ನೋಡ್ಕೋತೀನಿ."

ಒಲೆ ಬಿಡುವುದೆಂದರೆ ಅವನಿಗೆ ಉಸಿರು ಬಿಟ್ಟಂತೆ. ಅಪ್ಪ ಕಟ್ಟಿದ ಇಟ್ಟಿಗೆಯ ಒಲೆ ಅದು. ಗಡಿಯಾರ ನೋಡಿ ಬ್ರೆಡ್ ತೆಗೆದವನಲ್ಲ ಅವನು. ಪರಿಮಳ ಹದಕ್ಕೆ ತಿರುಗಿದ ಗಳಿಗೆಗೆ ತೆಗೆಯುವವನು. ಸಿಹಿ ಮುಟ್ಟುವುದಿಲ್ಲವೆಂದು ಅಂದೇ ಭೀಷ್ಮಪ್ರತಿಜ್ಞೆ ಮಾಡಿದ.

ಪ್ರತಿಜ್ಞೆ ಮಾಡಿ ಸಿಹಿಗೆ ಬಾಗಿಲು ಹಾಕಿದವನು ಕಿಟಕಿ ಮರೆತಿದ್ದ. ಈ ವೈರಸ್ ತಗುಲಿದರೆ ರುಚಿ, ವಾಸನೆ ಹೋಗಬಹುದೆಂದು ರೇಡಿಯೊ ಹೇಳಿತು. ಇದೆಯೋ ಹೋಗಿದೆಯೋ ತಿಳಿಯುವುದು ಹೇಗೆ? ಪರೀಕ್ಷೆ ಮಾಡಬೇಕು. ದಿನಾ ಬೆಳಗ್ಗೆ ಹೆಂಡತಿ ಮುಂಬಾಗಿಲ ಗಾಜು ಒರೆಸುವಾಗ, ಕೇಕಿಗೆಂದು ಕಡೆದಿಟ್ಟ ಕೆನೆಯ ಬಟ್ಟಲಿನಿಂದ ಒಂದೇ ಒಂದು ಚಮಚ. ಸಿಹಿ ತಿಳಿಯಿತೇ? ತಿಳಿಯಿತು. ದೇವರೇ, ಕಾಪಾಡಿದೆ! ಅನುಮಾನ ಉಳಿಯಬಾರದೆಂದು ಇನ್ನೊಂದು ಚಮಚ. 'ಉಪ್ಪಿನ ಹರಳು ನೆಕ್ಕಿದರೂ ತಿಳಿಯುತ್ತಿತ್ತಲ್ಲ?' ಎಂದು ಒಳಗಿನಿಂದ ಯಾರೋ ಕೇಳುತ್ತಿದ್ದರು. 'ಉಪ್ಪಿಗೆ ಬಿ.ಪಿ. ಏರುತ್ತದೆ' ಎಂದು ಅವರ ಬಾಯಿ ಮುಚ್ಚಿಸುತ್ತಿದ್ದ. ಆರೋಗ್ಯದ ಮೇಲೆ ಇಷ್ಟು ಕಾಳಜಿ ಇರುವ ರೋಗಿ ಇನ್ನೆಲ್ಲಿ ಸಿಕ್ಕಾನು!

ಮೀಟರ್ ಮಾತ್ರ ಇಳಿಯಲೊಲ್ಲದು.

"ಮೀಟರೇ ಕೆಟ್ಟಿದೆ ಕಣೇ" ಅಂದ.

"ಕೆಟ್ಟಿರೋದು ಯಾವುದು ಅಂತ ನೋಡೋಣ" ಅಂದಳು ಹೆಂಡತಿ.

ಮರುದಿನ ಬೆಳಗ್ಗೆ ಬ್ರೆಡ್ಡಿನ ಅಚ್ಚುಗಳನ್ನು ಒಲೆಯೊಳಗೆ ತಳ್ಳಿ, ಏಪ್ರನ್ ಜೇಬಿನಿಂದ ಚಮಚ ತೆಗೆದು, ಮಾಸ್ಕು ಗದ್ದಕ್ಕಿಳಿಸಿ ಪರೀಕ್ಷೆಗೆ ನಿಂತ. ಕೆನೆ ನಾಲಿಗೆಯ ಮೇಲೆ ನುಣ್ಣಗೆ ಜಾರಿತು, ಅಷ್ಟೇ. ಸಿಹಿಯ ಸುಳಿವಿಲ್ಲ. ಇನ್ನೊಂದು ಚಮಚ. ಇಲ್ಲ. ಮತ್ತೊಂದು. ಇಲ್ಲವೇ ಇಲ್ಲ. ಓಡಿಹೋಗಿ ಹಿಟ್ಟಿನ ಕೋಣೆ ಸೇರಿ ಚಿಲಕ ಹಾಕಿಕೊಂಡ.

"ಹತ್ರ ಬರಬೇಡ! ಬಂದುಬಿಡ್ತು ಕಣೇ!"

"ಏನು ಬಂತು?" ಬಾಗಿಲಾಚೆಯಿಂದ ಹೆಂಡತಿಯ ದನಿ.

"ಅದೇ! ನಾಲಿಗೆಗೆ ಸಿಹಿ ಗೊತ್ತಾಗ್ತಿಲ್ಲ."

"ಯಾವ ಸಿಹಿ?"

ಹೋಗುವ ಹೊತ್ತಿನಲ್ಲಿ ಸುಳ್ಳಾಡಿದರೆ ಮೇಲೆ ಹೋಗಿ ಏನೆಂದು ಉತ್ತರ ಹೇಳುವುದು? "ಕೆನೇದು. ಪರೀಕ್ಷೆಗೆ ಅಂತ ದಿನಾ ಒಂದು ಚಮಚ..."

"ಒಂದಾ?"

"ಒಂದು ಅಂದ್ರೆ... ಚಮಚ ಒಂದೇ. ಕೇಳಿಲ್ಲಿ, ಒಲೆಯ ಎಡಮೂಲೆ ಜಾಸ್ತಿ ಕಾಯುತ್ತೆ, ಅಲ್ಲಿ ಅಚ್ಚು ತಿರುಗಿಸ್ತಾ ಇರು. ನಿನ್ನ ಮಾತು ಕೇಳದೆ ಕೆಟ್ಟೆ. ಮಗಳಿಗೆ ಹೇಳು, ನಿಮ್ಮಪ್ಪ..."

ತನ್ನ ಮಾತಿಗೆ ತಾನೇ ಕರಗಿ ಹಿಟ್ಟಿನ ಮೂಟೆಯ ಮೇಲೆ ಕುಸಿದ. ನಿಮ್ಮಪ್ಪ ಎಂಥವನು ಎಂದು ಹೇಳಬೇಕು? ಒಳ್ಳೆಯದೊಂದು ಪದ ಹುಡುಕುತ್ತಿದ್ದಂತೆ ಮೂಗಿನ ಹೊಳ್ಳೆ ಅರಳಿತು.

"ಏಯ್! ಎಡಮೂಲೆ ಬ್ರೆಡ್ ಸೀದುಹೋಗ್ತಿದೆ! ತೆಗಿಯೇ ಬೇಗ!"

ಒಲೆಯ ಬಾಗಿಲು ಕಿರುಗುಟ್ಟಿತು, ಅಚ್ಚು ಕಲ್ಲಿನ ಮೇಲೆ ಬಿತ್ತು. ಆಮೇಲೆ ಅವಳ ದನಿ: "ಮೂಗು ನೆಟ್ಟಗಿದೆಯಲ್ಲ! ಈಚೆ ಬನ್ನಿ. ಇವತ್ತು ಆ ಕೆನೆಗೆ ನಾನು ಬೇಕಂತಲೇ ಸಕ್ಕರೆ ಹಾಕಿಲ್ಲ. ನಿನ್ನೆ ಏಪ್ರನ್ ಒಗೆಯೋಕೆ ತೆಗೆದ್ರೆ ಜೇಬಲ್ಲಿ ಚಮಚ. ತೊಳೆದು ಅಲ್ಲೇ ವಾಪಸ್ ಇಟ್ಟೆ, ನಿಮ್ಮ ಪರೀಕ್ಷೆಗೆ ಅಡ್ಡಿ ಆಗಬಾರದಲ್ಲ!"

ಚಿಲಕ ತೆಗೆದ. ಹುಬ್ಬಿನವರೆಗೂ ಹಿಟ್ಟು ಬಳಿದುಕೊಂಡು ನಿಂತ ಗಂಡನನ್ನು ನೋಡಿ ಅವಳು ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡವು. "ನಿಜವಾಗ್ಲೂ ಬಂದಿದ್ರೆ ಏನ್ರೀ ಮಾಡ್ತಿದ್ದೆ ನಾನು?"

ಅವನು ಚಮಚ ತೆಗೆದು ಅವಳ ಕೈಗಿಟ್ಟ. "ಮಹಡಿಗೆ ಹೋಗ್ಲಾ?"

ಅವಳು ಕರಕಲಾದ ಬ್ರೆಡ್ಡನ್ನೂ ಅವನನ್ನೂ ಸರದಿಯ ಮೇಲೆ ನೋಡಿದಳು. "ಒಂದು ವಾರ ಗಡುವು ಕೊಟ್ಟಿದೀನಿ. ಮೀಟರ್ ಇಳಿದ್ರೆ ಒಲೆ ನಿಮ್ಮದು. ಪರೀಕ್ಷೆ ಬೇಕು ಅಂದ್ರೆ ಒಲೆ ಮುಂದೆ ನಿಂತು ಮೂಸಿ. ಮೂಗಿಗೆ ಸಕ್ಕರೆ ಏರಲ್ಲ."

"ಎಷ್ಟು ಚೆನ್ನಾಗಿ ಸಾಯ್ತಿದ್ದೆ, ಈ ಹಾಳು ಬ್ರೆಡ್ಡು ಮುಗಿಸೋಕೂ ಬಿಡಲಿಲ್ಲ" ಎಂದು ಗೊಣಗುತ್ತ, ಮಾಸ್ಕು ಏರಿಸಿಕೊಂಡು, ಉಳಿದ ಅಚ್ಚುಗಳನ್ನು ತಿರುಗಿಸಲು ಸಾಹುಕಾರ ಒಲೆಯ ಕಡೆ ಓಡಿದ.